ಆಗಿಯೇ ಇಲ್ಲದ ಮದುವೆ

ನಮ್ಮಿಬ್ಬರ ಮದುವೆ ಆಗಿಯೇ ಇಲ್ಲ ಎಂದು ಘೋಷಿಸಬೇಕೆಂದು ನನ್ನ ಗಂಡ ಕೋರ್ಟಿಗೆ ಅರ್ಜಿ ಹಾಕಿದ. ಆ ಅರ್ಜಿ ನನ್ನನ್ನು ಹುಡುಕಿಕೊಂಡು ಬಂದಾಗ ನಾನು ಗ್ಲೌಸ್ ಹಾಕಿಕೊಂಡು ಒಬ್ಬ ಮುದುಕಿಯನ್ನು ಮಗ್ಗುಲಿಗೆ ಹೊರಳಿಸಿ ಒರೆಸುತ್ತಿದ್ದೆ.

ಮೆಲ್ಬರ್ನಿನ ಪಶ್ಚಿಮಕ್ಕಿರುವ ವೆರಿಬೀಯ ಒಂದು ಏಜ್ಡ್ ಕೇರ್‌ನಲ್ಲಿ ನನ್ನ ಕೆಲಸ. ನಮ್ಮ ಕಡೆ ವೃದ್ಧಾಶ್ರಮ ಅನ್ನುತ್ತಾರೆ. ರಿಸೆಪ್ಶನ್ನಿನಲ್ಲಿ ಯಾರೋ ನಿನ್ನನ್ನು ಕೇಳುತ್ತಿದ್ದಾರೆ ಎಂದು ಹೇಳಿಕಳಿಸಿದರು. ಕೈ ತೊಳೆದು ಹೋದೆ. ಕೋಟು ಹಾಕಿದವನೊಬ್ಬ ನನ್ನ ಪೂರ್ತಿ ಹೆಸರು ಕೇಳಿದ. ಸಂಧ್ಯಾರಾಣಿ ಹೊಸಮನಿ. ಅವನ ಬಾಯಲ್ಲಿ ಅದು ಚೂರುಚೂರಾಯಿತು. ನಾನು ಜೋಡಿಸಿ ವಾಪಸು ಕೊಟ್ಟೆ. ಅವನು ಒಂದು ದಪ್ಪ ಕವರನ್ನು ಕೈಗಿಟ್ಟು ಸಹಿ ಹಾಕಿಸಿಕೊಂಡ. ಒಳ್ಳೆಯ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಕೊಡುವ ಪ್ರಶಸ್ತಿ ಈ ಸಲ ನನಗೆ ಬಂದಿರಬೇಕು ಎಂದುಕೊಂಡೆ. ಬಹಳ ದಿನದಿಂದ ಅದರ ಮೇಲೆ ನನ್ನ ಕಣ್ಣಿತ್ತು. ಥ್ಯಾಂಕ್ ಯೂ ಸೋ ಮಚ್ ಎಂದೆ. ಹ್ಯಾವ್ ಎ ಲವ್ಲಿ ಡೇ ಎಂದೆ. ಅವನು ನನ್ನನ್ನು ಒಂದು ಥರ ನೋಡಿದ. ಅದು ಮರುಕ ಎಂದು ಅರ್ಥವಾಗಲು ಕವರು ಒಡೆಯಬೇಕಾಯಿತು.

ಸ್ಟಾಫ್ ರೂಮಿನಲ್ಲಿ ಕೂತು ಓದಿದೆ. ಇಂಗ್ಲಿಷ್ ನನಗೆ ಬರುತ್ತದೆ. ಊಟ, ನೋವು, ಮೂತ್ರ, ಮಾತ್ರೆ ಇಷ್ಟಕ್ಕೆ ಬೇಕಾದ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಇದು ಬೇರೆ ಇಂಗ್ಲಿಷ್. ನಲ್ಲಿಟಿ ಎಂಬ ಶಬ್ದ ಮತ್ತೆ ಮತ್ತೆ ಬಂತು. ಫೋನಿನಲ್ಲಿ ಅರ್ಥ ಹುಡುಕಿದೆ. ಶೂನ್ಯತೆ ಎಂದು ತೋರಿಸಿತು. ಶೂನ್ಯ ಎಂದರೆ ಶರಣರು ಕಂಡದ್ದು ಎಂದು ಶಾಲೆಯಲ್ಲಿ ಕಲಿತಿದ್ದೆ. ನನ್ನ ಗಂಡ ಅದನ್ನು ವಕೀಲನ ಮೂಲಕ ಕಂಡಿದ್ದ.

ಕಾರಣವೂ ಬರೆದಿತ್ತು. ವ್ಯಕ್ತಿಯ ಗುರುತಿನಲ್ಲಿ ತಪ್ಪಾಗಿದೆಯಂತೆ. ನಾನು ಅವನ ಸಮುದಾಯದವಳು ಎಂದು ನಂಬಿ ಅವನು ಮದುವೆಯಾದನಂತೆ. ನಾನು ಯಾರು ಎಂಬುದು ಸಿಡ್ನಿಯಲ್ಲಿ ಅವನ ಅಣ್ಣನ ಮನೆಯ ಗೃಹಪ್ರವೇಶದ ದಿನದವರೆಗೆ ಅವನಿಗೆ ಗೊತ್ತೇ ಇರಲಿಲ್ಲವಂತೆ. ಕೆಳಗೆ ಪ್ರಮಾಣ ಮಾಡಿ ಸಹಿ ಹಾಕಿದ್ದ. ವಿರುಪಾಕ್ಷ. ಸಹಿ ಚಂದ ಇತ್ತು. ಅವನ ಅಕ್ಷರ ಮೊದಲಿನಿಂದಲೂ ಚಂದ.

ನಾನು ಯಾರು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ತಡವಾಗಿ ಹೇಳಿದಳು ಎಂದು ನೀವೂ ಕೋರ್ಟಿಗೆ ಹೋಗುವುದು ಬೇಡ.

ನಮ್ಮಪ್ಪ ದ್ಯಾಮಣ್ಣ. ಹುಬ್ಬಳ್ಳಿ ಕಾರ್ಪೊರೇಶನ್ನಿನಲ್ಲಿ ಪೌರಕಾರ್ಮಿಕ. ರಸ್ತೆ ಗುಡಿಸಿದ, ಗಟಾರ ಬಳಿದ. ನಾವು ಮಾದಿಗರು. ಈ ಕೆಲಸ ನನಗೇ ಮುಗಿಯಲಿ, ಮಗಳಿಗೆ ಬೇಡ ಎಂದು ನನ್ನನ್ನು ಓದಿಸಿದ. ನಾನು ಓದಿದೆ. ವಿಮಾನ ಹತ್ತಿದೆ. ಸಮುದ್ರ ದಾಟಿದೆ. ಬಂದು ಬಿಳಿಯರ ಕುಂಡಿ ತೊಳೆದೆ. ಅಪ್ಪನಿಗೆ ಫೋನಿನಲ್ಲಿ ಹೆಲ್ತ್ ಸೆಕ್ಟರ್ ಎಂದೆ. ಸುಳ್ಳಲ್ಲ. ಇಲ್ಲಿ ಈ ಕೆಲಸಕ್ಕೆ ಸರ್ಟಿಫಿಕೇಟ್ ಇದೆ, ಯೂನಿಫಾರ್ಮ್ ಇದೆ, ಸೊಂಟ ಹಿಡಿದರೆ ಫಿಸಿಯೋ ಇದೆ. ಅಪ್ಪನಿಗೆ ಗ್ಲೌಸೂ ಕೊಟ್ಟಿರಲಿಲ್ಲ.

ಇನ್ನು ಅಡ್ಡಹೆಸರಿನ ವಿಚಾರ. ಹೊಸಮನಿ ಎಂಬುದು ನಮ್ಮ ಕಡೆ ಎಲ್ಲ ಜಾತಿಯಲ್ಲೂ ಇದೆ. ಎಂದೋ ಒಂದು ಹೊಸ ಮನೆ ಕಟ್ಟಿದವರೆಲ್ಲ ಹೊಸಮನಿಯೇ. ನಮ್ಮವರು ಯಾವ ಮನೆ ಕಟ್ಟಿದ್ದರೋ ನನಗೆ ಇವತ್ತಿಗೂ ತಿಳಿದಿಲ್ಲ.

ವಿರುಪಾಕ್ಷ ಸಿಕ್ಕಿದ್ದು ಟ್ರೈನಿನಲ್ಲಿ. ಆಗ ನಾನು ವೆರಿಬೀಯ ಹತ್ತಿರದ ಟಾರ್ನೀಟಿನಲ್ಲಿ ಒಂದು ರೂಮು ಹಿಡಿದಿದ್ದೆ. ರಜೆಯ ದಿನ ಸಿಟಿಗೆ ಹೊರಟಿದ್ದೆ. ಅವ್ವನ ಜೊತೆ ಫೋನಿನಲ್ಲಿ, ಹುಬ್ಬಳ್ಳಿಗೆ ಫೋನಿಲ್ಲದೆಯೂ ಕೇಳಿಸುವಷ್ಟು ಜೋರಾಗಿ ಮಾತಾಡುತ್ತಿದ್ದೆ. ಎದುರಿಗೆ ಕೂತವನು ನಗುತ್ತಿದ್ದ. ಫೋನಿಟ್ಟ ಮೇಲೆ, ಹುಬ್ಬಳ್ಳ್ಯಾವ್ರೇನ್ರಿ ಎಂದು ಕೇಳಿದ. ಅವನು ಧಾರವಾಡದವನು. ಸ್ಟೂಡೆಂಟ್ ಆಗಿ ಬಂದವನು, ಇಲ್ಲೇ ಕಾಯಂ ಇರಲು ಪಿಆರ್ ಸಿಕ್ಕಿತ್ತು, ಒಂದು ಕಂಪನಿಯಲ್ಲಿ ಐಟಿ ಸಪೋರ್ಟ್ ಮಾಡುತ್ತಿದ್ದ. ಎಷ್ಟೋ ವರ್ಷದ ಮೇಲೆ ನನ್ನ ಮಾತಿಗೆ ಯಾರೋ ನಕ್ಕಿದ್ದರು. ಅಷ್ಟಕ್ಕೇ ನಾನು ಬಿದ್ದೆ. ನನ್ನ ರೇಟು ಅಷ್ಟು ಕಡಿಮೆ ಇತ್ತು.

ಮದುವೆಯ ಮಾತು ತೆಗೆದವನು ಅವನೇ. ಆಗ ಹೇಳಿದೆ. ಎಲ್ಲಿ ಎಂದು ಆಮೇಲೆ ಕೋರ್ಟಿನಲ್ಲಿಯೂ ಕೇಳಿದರು. ಟಾರ್ನೀಟಿನಲ್ಲಿ, ಇಂಡಿಯನ್ ಅಂಗಡಿಯ ಮುಂದೆ ನಿಲ್ಲಿಸಿದ್ದ ಅವನ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಅಕ್ಕಿ ಚೀಲ. ಅವನ ಕೈಯಲ್ಲಿ ಸಮೋಸ.

"ನಾವು ಮಾದಿಗ್ರು. ಆಮ್ಯಾಲೆ ಗೊತ್ತಾತು ಅನಬ್ಯಾಡ," ಎಂದೆ.

ಅವನು ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ಮತ್ತೆ ಅಗಿದ.

"ಇಲ್ಲಿ ಯಾರ್ ಕೇಳ್ತಾರ ಬಿಡು," ಎಂದ.

ನಾನು ಕರಗಿ ನೀರಾದೆ. ಕ್ರಾಂತಿ ಎಂದರೆ ಇದೇ ಎಂದುಕೊಂಡೆ. ಕ್ರಾಂತಿಕಾರಿಯ ತುಟಿಗೆ ಹತ್ತಿದ್ದ ಹುಣಸೆ ಚಟ್ನಿಯನ್ನು ನನ್ನ ದುಪಟ್ಟಾದಿಂದ ಒರೆಸಿದೆ. ಯಾರು ಕೇಳುತ್ತಾರೆ ಎಂದಷ್ಟೇ ಅವನು ಹೇಳಿದ್ದ. ಕೇಳಿದರೆ ಏನು ಹೇಳುತ್ತಾನೆ ಎಂಬುದನ್ನು ಹೇಳಿರಲಿಲ್ಲ. ನಾನೂ ಕೇಳಲಿಲ್ಲ.

ಮದುವೆ ಮೆಲ್ಬರ್ನ್ ಸಿಟಿಯಲ್ಲಿ ರಿಜಿಸ್ಟರ್ ಆಯಿತು. ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಎಂಬ ಬಡಾವಣೆಯಲ್ಲಿ ಇರುವ ಅವನ ಅಣ್ಣ ಸಿದ್ದಲಿಂಗಪ್ಪ, ಅತ್ತಿಗೆ ರುದ್ರಾಣಿ ಬಂದಿದ್ದರು. ಸಿದ್ದಲಿಂಗಪ್ಪ ದೊಡ್ಡ ಕಂಪನಿಯೊಂದರಲ್ಲಿ ಮ್ಯಾನೇಜರ್. ರುದ್ರಾಣಿ ನನ್ನ ಗಲ್ಲ ಸವರಿ, ಹೊಸಮನ್ಯಾರು ನಮಗೂ ಬಳಗ ಆಗ್ತಾರ ಎಂದಳು. ನಾನು ನಕ್ಕೆ. ವಿರುಪಾಕ್ಷ ತನ್ನ ಬೂಟು ನೋಡಿಕೊಂಡ. ಮದುಮಗನಿಗೆ ನಾಚಿಕೆ ಎಂದುಕೊಂಡೆ. ಹುಡುಗಿ ನಮ್ಮ ಪೈಕಿಯವಳೇ ಎಂದು ಅವನು ಅಣ್ಣನಿಗೆ ಹೇಳಿ ಮುಗಿಸಿದ್ದು ನನಗೆ ಗೊತ್ತಿರಲಿಲ್ಲ.

ಮದುವೆಯಾದ ಮೊದಲ ಚಳಿಗಾಲದಲ್ಲಿ ಅವನು ಇಂಡೋರ್ ಕ್ರಿಕೆಟ್ ಆಡಲು ಹೋಗಿ ಕಾಲು ಮುರಿದುಕೊಂಡ. ತೊಡೆಯವರೆಗೆ ಪ್ಲಾಸ್ಟರ್. ನಾನು ಹಗಲಿಡೀ ವೆರಿಬೀಯಲ್ಲಿ ಮಂದಿಯನ್ನು ಎತ್ತಿ, ಇಳಿಸಿ, ತೊಳೆದು ಮನೆಗೆ ಬರುತ್ತಿದ್ದೆ. ಬಂದು ಅವನನ್ನು ಎತ್ತಿ, ಇಳಿಸಿ, ತೊಳೆಯುತ್ತಿದ್ದೆ. ಬೆಡ್‌ಪ್ಯಾನ್ ಇಡುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಾಚಬ್ಯಾಡ, ನಾ ಸರ್ಟಿಫೈಡ್ ಇದ್ದೀನಿ ಎಂದು ನಗಿಸುತ್ತಿದ್ದೆ. ನಿನ್ನ ಕೈ ಎಷ್ಟು ಹಗುರ ಎನ್ನುತ್ತಿದ್ದ. ಅರ್ಜಿಯಲ್ಲಿ ಒಂದು ಸಾಲು ಇದೆ. ನಿಜ ಗೊತ್ತಿದ್ದರೆ ತಾನು ಈಕೆಯೊಡನೆ ಸಂಸಾರ ಮಾಡುತ್ತಲೇ ಇರಲಿಲ್ಲ ಎಂದು. ಆ ಸಂಸಾರದಲ್ಲಿ ಬೆಡ್‌ಪ್ಯಾನ್ ಬರುತ್ತದೋ ಇಲ್ಲವೋ ಎಂದು ವಕೀಲರನ್ನು ಕೇಳಬೇಕೆಂದಿದ್ದೆ. ಕೇಳಲಿಲ್ಲ.

ಮುಂದೆ ಸಿದ್ದಲಿಂಗಪ್ಪ ಮಾರ್ಸ್ಡನ್ ಪಾರ್ಕಿನಲ್ಲೇ ದೊಡ್ಡ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ. ನಾವಿಬ್ಬರೂ ಹಿಂದಿನ ದಿನವೇ ಹೋದೆವು. ಹೋಳಿಗೆಯ ಜವಾಬ್ದಾರಿ ನಾನೇ ಮೈಮೇಲೆ ಹಾಕಿಕೊಂಡೆ. ಯಾರೂ ಹೇಳಿರಲಿಲ್ಲ. ಮೆಚ್ಚಿಸುವ ಚಟ. ಬೆಳಕು ಹರಿಯುವ ಮೊದಲೇ ಎದ್ದು ಬೇಳೆ ಬೇಯಿಸಿ, ಹೂರಣ ರುಬ್ಬಿ, ತಟ್ಟಿ ತಟ್ಟಿ ಅಂಗೈ ಕೆಂಪಾಯಿತು. ನಾನೇ ಮೆಲ್ಬರ್ನಿನಿಂದ ತಂದಿದ್ದ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ತುಂಬಿಟ್ಟೆ.

ಧಾರವಾಡದಿಂದ ರುದ್ರಾಣಿಯ ದೊಡ್ಡಮ್ಮ ಬಂದಿದ್ದಳು. ಪೂಜೆಯಾದ ಮೇಲೆ ನಾನು ಎಲೆ ಹಾಕುತ್ತಿದ್ದಾಗ ಪಕ್ಕ ಕೂರಿಸಿಕೊಂಡು ಊರು ಕೇಳಿದಳು. ಹೇಳಿದೆ. ಯಾವ ಓಣಿ ಎಂದಳು. ಅದನ್ನೂ ಹೇಳಿದೆ. ಮುದುಕಿಯ ಕೈ ನನ್ನ ಮೊಣಕಾಲ ಮೇಲಿತ್ತು. ಅದು ಎದ್ದಿತು.

"ನಿಮ್ಮಪ್ಪಾರು ಏನ್ ಮಾಡ್ತಾರ?"

"ಕಾರ್ಪೊರೇಶನ್ನಿನಾಗ ಅದಾರ್ರಿ."

"ಆಫೀಸಿನಾಗ?"

"ಇಲ್ರಿ. ರಸ್ತಾದಾಗ."

ಆಮೇಲೆ ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ನನಗೂ ಬೇಗ ಅರ್ಥವಾಗುತ್ತಿತ್ತು. ರುದ್ರಾಣಿ ಬಂದು ನನ್ನ ಕೈಯಿಂದ ಎಲೆಗಳನ್ನು ತೆಗೆದುಕೊಂಡಳು. ನೀ ದಣದೀ ತಂಗಿ, ಮ್ಯಾಲೆ ಹೋಗಿ ಸ್ವಲ್ಪ ಮಕ್ಕೋ ಎಂದಳು. ಎಷ್ಟು ಒಳ್ಳೆಯವಳು ಎಂದುಕೊಂಡು ಹೋಗಿ ಮಲಗಿದೆ. ಮಲಗಿದ್ದಷ್ಟೇ ಅಲ್ಲ, ಗೊರಕೆ ಹೊಡೆದೆ. ಕೆಳಗೆ ನನ್ನ ಜಾತಿಯ ವಿಚಾರಣೆ ನಡೆದಿತ್ತು, ನಾನು ಮೇಲೆ ಗೊರಕೆ ಹೊಡೆಯುತ್ತಿದ್ದೆ.

ಇಳಿದು ಬಂದಾಗ ಎಲ್ಲರೂ ಹೋಟೆಲಿನಿಂದ ತರಿಸಿದ ಫಾಯಿಲ್ ತಟ್ಟೆಗಳಲ್ಲಿ ಉಣ್ಣುತ್ತಿದ್ದರು. ನನ್ನ ಹೋಳಿಗೆ ಎಲ್ಲೂ ಕಾಣಲಿಲ್ಲ. ಆಗಲೇ ಖರ್ಚಾಗಿರಬೇಕು ಎಂದು ಹಿಗ್ಗಿದೆ. ಸಂಜೆ ಕಸ ಹಾಕಲು ಹೊರಗೆ ಹೋಗಿ ಕೆಂಪು ಮುಚ್ಚಳದ ಬಿನ್ ತೆರೆದೆ. ಹೋಳಿಗೆ ಅಲ್ಲಿತ್ತು. ಎಲ್ಲವೂ. ಹಳಸಿರಬೇಕು ಎಂದುಕೊಂಡೆ. ಅದರ ಕೆಳಗೆ ನನ್ನ ಸ್ಟೀಲ್ ಡಬ್ಬಿಯೂ ಇತ್ತು. ಡಬ್ಬಿ ಹಳಸುವುದಿಲ್ಲ.

ಅಲ್ಲಿಗೆ ನನ್ನಂಥವಳಿಗೂ ಅರ್ಥವಾಯಿತು. ಬಿನ್ನಿನೊಳಗೆ ಅರ್ಧ ಇಳಿದು ಡಬ್ಬಿ ಎತ್ತಿಕೊಂಡೆ. ಹೊರಗಿನ ನಲ್ಲಿಯಲ್ಲಿ ತೊಳೆದೆ. ಎದುರು ಮನೆಯವರು ನಾಯಿ ಹಿಡಿದುಕೊಂಡು ಹೋಗುತ್ತಾ ಹಲೋ ಎಂದರು. ಹಲೋ ಎಂದೆ.

ವಿರುಪಾಕ್ಷ ಗ್ಯಾರೇಜಿನಲ್ಲಿ ಕುರ್ಚಿ ಮಡಚುತ್ತಿದ್ದ. ನೀ ಹೇಳಿರಲಿಲ್ಲೇನು ಎಂದು ಕೇಳಿದೆ. ಹೇಳೂ ಸಂದರ್ಭ ಬರಲಿಲ್ಲ ಎಂದ. ಕುರ್ಚಿ ಮಡಚುತ್ತಲೇ ಇದ್ದ. ಮನೆಗೆ ಹೋಗೂಣು ಎಂದೆ. ನೀ ಮುಂದ ಹೋಗಿರು ಎಂದ.

ನಾನು ಮುಂದೆ ಹೋದೆ. ಅವನು ಹಿಂದೆ ಬರಲಿಲ್ಲ. ಸಿಡ್ನಿಯಲ್ಲೇ ಪ್ರಾಜೆಕ್ಟ್ ಸಿಕ್ಕಿದೆ ಎಂದ. ಮೆಸೇಜುಗಳು ಸಣ್ಣವಾಗುತ್ತಾ ಬಂದವು. ಕೊನೆಕೊನೆಗೆ ಬರೀ ಹೆಬ್ಬೆರಳಿನ ಚಿತ್ರ. ನಾನು ಆ ಹೆಬ್ಬೆರಳಿನಲ್ಲೂ ಪ್ರೀತಿ ಹುಡುಕುತ್ತಾ ವರ್ಷವೊಂದನ್ನು ಕಳೆದೆ. ಆಮೇಲೆ ಆ ಕವರು ಬಂತು.

ಕವರು ಬಂದ ವಾರದಲ್ಲಿ ಸಿದ್ದಲಿಂಗಪ್ಪ, ರುದ್ರಾಣಿ ಇಬ್ಬರೂ ನನ್ನ ಮನೆಗೆ ಬಂದರು. ಸಿಡ್ನಿಯಿಂದ ಟಾರ್ನೀಟಿಗೆ, ನನಗೋಸ್ಕರ. ಗೌರವವೆನಿಸಿತು, ಸುಳ್ಳೇಕೆ. ಎಷ್ಟೆಂದರೆ ಮನೆ ಗುಡಿಸಿದೆ, ಸೋಫಾಕ್ಕೆ ಹೊಸ ಕವರ್ ಹಾಕಿದೆ. ನನ್ನ ಮದುವೆ ಅಳಿಸಲು ಬಂದವರಿಗೆ ಉಪ್ಪಿಟ್ಟು ಮಾಡಿದೆ, ಚಹಾ ಇಟ್ಟೆ. ಅವರು ತಮ್ಮ ನೀರಿನ ಬಾಟಲಿ ತಾವೇ ತಂದಿದ್ದರು.

ಸಿದ್ದಲಿಂಗಪ್ಪ ತಾಳ್ಮೆಯಿಂದ ವಿವರಿಸಿದ. ಡೈವೋರ್ಸ್ ಎಂದರೆ ವಿರುಪಾಕ್ಷನಿಗೆ ಮುಂದಿನದು ಎರಡನೇ ಸಂಬಂಧ ಆಗುತ್ತದೆ. ಧಾರವಾಡದಲ್ಲಿ ಅವ್ವನಿಗೆ ಬಿ.ಪಿ. ಇದೆ. ಊರಿನಲ್ಲಿ ಹೆಣ್ಣು ನೋಡಿಟ್ಟಿದ್ದಾರೆ. ಕೋರ್ಟು ಮದುವೆಯನ್ನೇ ಶೂನ್ಯ ಎಂದುಬಿಟ್ಟರೆ ಅವನು ಹಿಂದೆ ಹೇಗಿದ್ದನೋ ಹಾಗೆ. ನಾನು ಮಾಡಬೇಕಾದದ್ದು ಏನೂ ಇಲ್ಲ. ಕೋರ್ಟಿಗೆ ಬರದಿದ್ದರೆ ಸಾಕು.

"ಇದರಾಗ ನಿನಗೂ ಲಾಭ ಅದ. ಮದುವಿನಽ ಆಗಿಲ್ಲ ಅಂತಾಗ್ತದ. ನೀನೂ ಕ್ಲೀನ್, ಅವನೂ ಕ್ಲೀನ್," ಎಂದ.

ಕ್ಲೀನ್ ಮಾಡುವುದು ನಮ್ಮ ಮನೆತನದ ಕೆಲಸ. ಅದಕ್ಕೇ ನನ್ನ ಹತ್ತಿರ ಬಂದಿದ್ದರೇನೋ. ನಾನು ತಲೆ ಆಡಿಸುತ್ತಾ ಕೇಳಿದೆ. ನಿಜ ಹೇಳಬೇಕೆಂದರೆ ಅರ್ಧ ಒಪ್ಪಿಯೂ ಬಿಟ್ಟಿದ್ದೆ. ಅಷ್ಟು ದೊಡ್ಡ ಮನುಷ್ಯರು ನನ್ನ ಸೋಫಾದ ತುದಿಯಲ್ಲಿ ಕೂತು ಕೇಳುತ್ತಿದ್ದರು. ಬೇಡ ಎನ್ನುವುದು ನನಗೆ ಬಾಯಿಗೇ ಬರುವುದಿಲ್ಲ. ಕೆಲಸದಲ್ಲೂ ಅಷ್ಟೇ, ಎಲ್ಲರೂ ಬಿಟ್ಟ ಶಿಫ್ಟು ನನ್ನದೇ.

ಆಗ ರುದ್ರಾಣಿ ನನ್ನನ್ನು ಸಮಾಧಾನ ಮಾಡಿದಳು.

"ಮನಸಿಗೆ ಹಚ್ಕೋಬ್ಯಾಡ ತಂಗಿ. ನಿಮ್ಮ ಮಂದ್ಯಾಗ ಇದೇನ್ ದೊಡ್ಡದಲ್ಲ. ಬಿಡೂದು, ಕಟಗೊಳ್ಳೂದು ನಡೀತಿರ್ತದ."

ಅವಳು ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅದೇ ನನಗೆ ಚುಚ್ಚಿತು. ನಮ್ಮವ್ವ ನನ್ನ ಅಪ್ಪನ ಜೊತೆ ಮೂವತ್ತು ವರ್ಷ ಬಾಳಿದ್ದಳು. ಗಟಾರದ ವಾಸನೆಯ ಬಟ್ಟೆಯನ್ನು ಕೈಯಲ್ಲಿ ಒಗೆದಿದ್ದಳು. ನಾನು ಮೇಜಿನ ಮೇಲೆ ನೋಡಿದೆ. ಎರಡು ಕಪ್ಪು ಚಹಾ ಕೆನೆಗಟ್ಟುತ್ತಾ ಕೂತಿತ್ತು.

"ಭಾವಾರ, ಚಹಾ ಆರ್ತದ. ಕುಡೀರಿ," ಎಂದೆ.

"ಇರಲಿ."

"ಅಕ್ಕಾರ, ನೀವೂ ಕುಡೀರಿ. ಇಬ್ಬರೂ ಈ ಚಹಾ ಕುಡದ್ರ ನಾ ಕೋರ್ಟಿಗೆ ಬರೂದಿಲ್ಲ. ಮದುವಿ ಆಗಿಲ್ಲ ಅಂತಽ ಬರಕೊಳ್ರಿ."

ಇಬ್ಬರೂ ಮುಖ ನೋಡಿಕೊಂಡರು. ಸಿದ್ದಲಿಂಗಪ್ಪ ಕಪ್ಪಿನ ಕಿವಿ ಹಿಡಿದ. ಎತ್ತಿದ. ಅವನು ಮ್ಯಾನೇಜರ್. ದಿನವೂ ಯಾರ್ಯಾರ ಜೊತೆಯೋ ಕಾಫಿ ಕುಡಿಯುವವನು. ಆಫೀಸಿನ ಕಪ್ಪು ಯಾರು ತೊಳೆಯುತ್ತಾರೆ ಎಂದು ಒಮ್ಮೆಯೂ ಕೇಳಿರಲಾರ. ಕಪ್ಪು ಅವನ ಗದ್ದದವರೆಗೆ ಹೋಯಿತು. ಅಲ್ಲಿ ನಿಂತಿತು. ಕೆಳಗೆ ಬಂತು.

"ನನಗ ಶುಗರ್ ಅದ," ಎಂದ.

"ಸಕ್ಕರಿ ಹಾಕಿಲ್ರಿ."

ಅವನು ಎದ್ದ. ರುದ್ರಾಣಿ ಬಾಟಲಿ ಎತ್ತಿಕೊಂಡಳು.

"ಹಂಗಾರ ಕೋರ್ಟಿನಾಗ ಕಾಣೂಣು," ಎಂದೆ.

ಬಾಗಿಲು ಹಾಕಿದ ಮೇಲೆ ಕೂತು ಲೆಕ್ಕ ಹಾಕಿದೆ. ಅವರು ಕುಡಿದುಬಿಟ್ಟಿದ್ದರೆ? ಒಂದೊಂದು ಕಪ್ಪು ಚಹಾಕ್ಕೆ ನನ್ನ ಮದುವೆಯನ್ನು ಮಾರಿಬಿಡುತ್ತಿದ್ದೆನಲ್ಲ. ನನ್ನನ್ನು ಉಳಿಸಿದ್ದು ನನ್ನ ಧೈರ್ಯವಲ್ಲ, ಅವರ ಮಡಿ. ಎರಡೂ ಕಪ್ಪು ನಾನೇ ಕುಡಿದೆ. ಎದೆ ಉರಿಯಿತು.

ಬಡವರಿಗೆ ಕಾನೂನು ಸಲಹೆ ಕೊಡುವ ಕಡೆ ಒಬ್ಬ ಎಳೆಯ ವಕೀಲೆ ಸಿಕ್ಕಳು. ಅರ್ಜಿ ಓದಿ ಹುಬ್ಬು ಗಂಟಿಕ್ಕಿದಳು. ನೀನು ಬೇರೆ ಯಾರದೋ ಹೆಸರು ಹೇಳಿಕೊಂಡು ಮದುವೆಯಾದೆಯಾ? ನಿನಗೆ ಅವಳಿ ಅಕ್ಕ ಇದ್ದಾಳಾ? ಇಲ್ಲ ಎಂದೆ. ಹಾಗಾದರೆ ಅವನು ಮದುವೆಯಾಗಬೇಕೆಂದಿದ್ದವಳನ್ನೇ ಮದುವೆಯಾಗಿದ್ದಾನೆ, ಇಲ್ಲಿಯ ಕಾನೂನಿನಲ್ಲಿ ಗುರುತು ಎಂದರೆ ಮನುಷ್ಯ, ಜಾತಿಯಲ್ಲ ಎಂದಳು. ಆದರೆ ನೀನು ಹೋಗದಿದ್ದರೆ ಅವನು ಹೇಳಿದ್ದೇ ಕೋರ್ಟಿನ ಮುಂದೆ ಉಳಿಯುತ್ತದೆ ಎಂದೂ ಹೇಳಿದಳು. ನಿನಗೆ ಆ ಗಂಡ ಬೇಕಾ ಎಂದು ಕೇಳಿದಳು. ಬೇಡ ಎಂದೆ. ಮತ್ತೆ ಏನು ಬೇಕು ಎಂದಳು. ನನಗೆ ಇಂಗ್ಲಿಷ್ ಸಿಗಲಿಲ್ಲ. ಕೊನೆಗೆ, ಐ ವಾಸ್ ದೇರ್ ಎಂದೆ. ನಾನು ಅಲ್ಲಿದ್ದೆ. ಅವಳು ಅದನ್ನು ಬರೆದುಕೊಂಡಳು.

ಕೋರ್ಟಿಗೆಂದು ಭಾಷಣ ತಯಾರು ಮಾಡಿದೆ. ಸಂವಿಧಾನ, ಸಮಾನತೆ ಎಲ್ಲ ಇದ್ದ ಭಾಷಣ. ಕೆಲಸದಲ್ಲಿ ಮುದುಕಿಗೆ ಸ್ನಾನ ಮಾಡಿಸುತ್ತಾ ಅದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದೆ. ಅವಳಿಗೆ ನೆನಪು ಹೋಗಿದೆ. ಪೂರ್ತಿ ಕೇಳಿಸಿಕೊಂಡು, ಬಹಳ ಚೆನ್ನಾಗಿದೆ ಮಗು, ಬೆನ್ನು ಇನ್ನೊಂದು ಸಲ ಉಜ್ಜು ಎಂದಳು. ನನ್ನ ಭಾಷಣಕ್ಕೆ ಸಿಕ್ಕ ಚಪ್ಪಾಳೆ ಅದೊಂದೇ.

ಕೋರ್ಟು ಸಿಡ್ನಿಯ ಪ್ಯಾರಮಟ್ಟಾದಲ್ಲಿತ್ತು. ವಿಡಿಯೋದಲ್ಲಿ ಹಾಜರಾಗಬಹುದಿತ್ತು. ನಾನು ಖುದ್ದಾಗಿ ಹೋದೆ. ಒಳ್ಳೆಯ ಸೀರೆ ಉಟ್ಟೆ. ಅವಸರದಲ್ಲಿ ಕೆಲಸದ ಕಪ್ಪು ರಬ್ಬರು ಬೂಟು ಹಾಕಿಕೊಂಡು ಹೋಗಿದ್ದೆ. ವಿಮಾನದಲ್ಲಿ ಕಾಲು ಚಾಚಿದಾಗ ಗೊತ್ತಾಯಿತು.

ನನಗೆ ಕೋರ್ಟೇ ಒಬ್ಬ ಇಂಟರ್ಪ್ರಿಟರ್ ಕೊಟ್ಟಿತ್ತು. ಹೆಸರು ಸಂಯುಕ್ತಾ. ಬೆಂಗಳೂರಿನವರು. ನನ್ನ ಕನ್ನಡವನ್ನು ಜಡ್ಜ್‌ಗೆ ಇಂಗ್ಲಿಷ್ ಮಾಡಿ ಹೇಳುವುದು ಅವರ ಕೆಲಸ. ಬಹಳ ಮೃದುವಾಗಿ ಮಾತಾಡುತ್ತಿದ್ದರು. ನನಗಾಗಿ ಒಬ್ಬರು ಕೂತು ಮಾತಾಡುತ್ತಾರೆ ಎಂಬುದಕ್ಕೇ ನಾನು ಅರ್ಧ ಗೆದ್ದವಳಂತೆ ಕೂತೆ.

ವಿರುಪಾಕ್ಷ ಆ ಬದಿಯಲ್ಲಿದ್ದ. ತೂಕ ಹೆಚ್ಚಿತ್ತು. ನಡೆಯುವಾಗ ಆ ಕಾಲನ್ನು ಇನ್ನೂ ಸ್ವಲ್ಪ ಎಳೆಯುತ್ತಿದ್ದ. ಪ್ಲಾಸ್ಟರ್ ಬಿಚ್ಚಿದ ಮೇಲೆ ವ್ಯಾಯಾಮ ಮಾಡು ಎಂದು ನಾನು ಬಡಿದುಕೊಂಡಿದ್ದೆ. ಮಾಡಿರಲಿಲ್ಲ. ನನ್ನನ್ನು ಇಲ್ಲವಾಗಿಸಲು ಬಂದವನ ಕಾಲಿನ ಚಿಂತೆ ನನಗೆ. ಹಿಂದೆ ಸಿದ್ದಲಿಂಗಪ್ಪ ಕೂತಿದ್ದ.

ಜಡ್ಜ್ ಬಿಳಿಗೂದಲಿನ ಹೆಂಗಸು. ಮದುವೆಗೆ ಮೊದಲು ಈತನಿಗೆ ನಿನ್ನ ಬಗ್ಗೆ ಏನು ಹೇಳಿದ್ದೆ ಎಂದು ಕೇಳಿದರು. ನನ್ನ ಭಾಷಣ ಮಂಜಿನಂತೆ ಕರಗಿಹೋಯಿತು. ಬಾಯಿಗೆ ಬಂದದ್ದು ಇಷ್ಟೇ.

"ನಾವು ಮಾದಿಗ್ರು ಅಂತ ಹೇಳೀನ್ರಿ. ಅವರ ಗಾಡ್ಯಾಗ ಕುಂತು, ಮಾರಿ ನೋಡಿ ಹೇಳೀನಿ."

ಸಂಯುಕ್ತಾ ಒಂದು ಕ್ಷಣ ತಡೆದರು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ಆಕೆ ಕಾರಿನಲ್ಲಿ ತನ್ನ ಕುಟುಂಬದ ಹಿನ್ನೆಲೆಯ ಬಗ್ಗೆ ಅವರಿಗೆ ತಿಳಿಸಿದರಂತೆ. ಫ್ಯಾಮಿಲಿ ಬ್ಯಾಕ್‌ಗ್ರೌಂಡ್.

ಅಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಆ ತಡೆದ ಕ್ಷಣವೂ ನನಗೆ ಗೊತ್ತಿತ್ತು. ಹುಬ್ಬಳ್ಳಿಯಲ್ಲಿ ನನ್ನ ಹಾಜರಿ ಕರೆಯುವಾಗ ಮೇಷ್ಟರ ಬಾಯಲ್ಲಿ ಇದ್ದದ್ದು ಅದೇ. ಮಾರ್ಸ್ಡನ್ ಪಾರ್ಕಿನಲ್ಲಿ ಮೊಣಕಾಲ ಮೇಲಿಂದ ಎದ್ದ ಕೈಯಲ್ಲಿ ಇದ್ದದ್ದು ಅದೇ. ಇಲ್ಲಿಯೂ ಬಂತು. ಸರ್ಕಾರ ನನಗೆಂದೇ ಕೊಟ್ಟ ಬಾಯಲ್ಲಿ ಕೂತು ಬಂತು.

ನಾನು ಎದ್ದು ನಿಂತೆ. ಎದ್ದು ನಿಲ್ಲಬಾರದಂತೆ. ಗೊತ್ತಿರಲಿಲ್ಲ.

"ನೋ. ಐ ಡಿಡ್ ನಾಟ್ ಸೇ ಬ್ಯಾಕ್‌ಗ್ರೌಂಡ್. ಐ ಸೆಡ್ ಮಾದಿಗ," ಎಂದೆ.

ಜಡ್ಜ್ ಪೆನ್ನು ಎತ್ತಿಕೊಂಡು, ಸ್ಪೆಲ್ಲಿಂಗ್ ಹೇಳುತ್ತೀಯಾ ಎಂದರು. ಸ್ಪೆಲ್ಲಿಂಗಿನಲ್ಲಿ ನಾನು ಶಾಲೆಯಲ್ಲಿ ಎಂದೂ ಪಾಸಾದವಳಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಎಮ್. ಎ. ಡಿ. ಐ. ಜಿ. ಎ. ಅವರು ಬರೆದುಕೊಂಡರು. ಹಾಗೆಂದರೆ ಏನು ಎಂದು ಕೇಳಿದರು.

"ನಾವು ಮುಟ್ಟಿದ್ದನ್ನ ಅವರು ಉಣ್ಣೂದಿಲ್ರಿ. ಅಷ್ಟಽ," ಎಂದೆ.

ಈ ಸಲ ಸಂಯುಕ್ತಾ ಇದ್ದದ್ದು ಇದ್ದಂತೆ ಹೇಳಿದರು. ದನಿ ಸಣ್ಣದಾಗಿತ್ತು.

ಆಮೇಲೆ ವಿರುಪಾಕ್ಷನ ಸರದಿ. ಈಕೆ ಕಾರಿನಲ್ಲಿ ಈ ಮಾತು ಹೇಳಿದ್ದು ನಿಜವೇ ಎಂದು ಕೇಳಿದರು. ಪ್ರಮಾಣ ಮಾಡಿದ್ದೀಯ ಎಂದೂ ನೆನಪಿಸಿದರು. ಅವನು ಅಣ್ಣನ ಕಡೆ ನೋಡಿದ. ನನ್ನ ಕಡೆ ನೋಡಲಿಲ್ಲ. ಒಂದು ಕ್ಷಣ, ಅವನ ಬಾಯಿ ತೆರೆದ ರೀತಿಗೆ, ಹೌದು ಎನ್ನುತ್ತಾನೆ ಎಂದುಕೊಂಡೆ. ನನ್ನ ಹಾಳು ಮನಸ್ಸು ಅಷ್ಟರಲ್ಲೇ ಅವನನ್ನು ಕ್ಷಮಿಸಲು ಓಡಿತ್ತು.

ಐ ಡೋಂಟ್ ರಿಕಾಲ್ ಎಂದ. ನೆನಪಿಲ್ಲ.

ಮೂವತ್ತು ವರ್ಷದ ಹಿಂದಿನ ಕ್ರಿಕೆಟ್ ಮ್ಯಾಚಿನ ಸ್ಕೋರು ಅವನಿಗೆ ನೆನಪಿದೆ. ನನಗೆ ನಗು ಬಂತು.

ಜಡ್ಜ್ ತೀರ್ಪು ಕೊಡಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಅರ್ಜಿದಾರ ತಾನು ಮದುವೆಯಾಗಬೇಕೆಂದಿದ್ದ ವ್ಯಕ್ತಿಯನ್ನೇ ಮದುವೆಯಾಗಿದ್ದಾನೆ. ಆಕೆ ಯಾವ ಜಾತಿಯಲ್ಲಿ ಹುಟ್ಟಿದಳು ಎಂಬುದು ಆಕೆಯನ್ನು ಬೇರೆ ವ್ಯಕ್ತಿಯನ್ನಾಗಿ ಮಾಡುವುದಿಲ್ಲ. ಆಕೆ ಅವನಿಗೆ ಮೊದಲೇ ಹೇಳಿದ್ದಳು ಎಂಬುದನ್ನೂ ಕೋರ್ಟು ನಂಬುತ್ತದೆ. ಮದುವೆ ಸಿಂಧು. ಅರ್ಜಿ ವಜಾ.

ನಾನು ಗೆದ್ದಿದ್ದೆ. ಬೇಡವಾದ ಗಂಡನನ್ನು, ಸ್ವಂತ ಖರ್ಚಿನಲ್ಲಿ ವಿಮಾನ ಹತ್ತಿ ಬಂದು ಗೆದ್ದಿದ್ದೆ. ಇಡೀ ಆಸ್ಟ್ರೇಲಿಯಾದಲ್ಲಿ ಅಂಥ ಜಾಣೆ ನಾನೊಬ್ಬಳೇ ಇರಬೇಕು.

ಹೊರಗೆ ಕಾರಿಡಾರಿನಲ್ಲಿ ಸಿದ್ದಲಿಂಗಪ್ಪ ಅಡ್ಡ ನಿಂತ. ವಿರುಪಾಕ್ಷ ಸ್ವಲ್ಪ ದೂರದಲ್ಲಿ ಗೋಡೆಯ ನೋಟಿಸು ಓದುವವನಂತೆ ನಿಂತಿದ್ದ. ಇಷ್ಟೆಲ್ಲ ಮಾಡಿ ಏನು ಸಿಕ್ಕಿತು ನಿನಗೆ, ಈಗಲಾದರೂ ಡೈವೋರ್ಸಿಗೆ ಸಹಿ ಹಾಕು ಎಂದ.

"ನೀವು ಕೇಳೂದು ಬ್ಯಾಡ. ಡೈವೋರ್ಸ್ ಅರ್ಜಿ ನಾನಽ ಹಾಕ್ತೀನಿ," ಎಂದೆ. "ಆಗಿದ್ದ ಮದುವಿನ್ನ ನಾ ಮುರೀತೀನಿ. ನಿಮ್ಮ ತಮ್ಮಗ ಹೇಳ್ರಿ, ಸಹಿ ಹಾಕೂದು ಅವರು."

ವಿರುಪಾಕ್ಷ ಆಗ ತಿರುಗಿದ. ಸಂಧ್ಯಾ ಎಂದ. ಮುಂದಿನದು ಅವನಿಗೂ ತಿಳಿದಿರಲಿಲ್ಲವೇನೋ. ನಾನು ಲಿಫ್ಟಿನ ಗುಂಡಿ ಒತ್ತಿದೆ. ಲಿಫ್ಟ್ ಬರಲು ಬಹಳ ಹೊತ್ತು ಹಿಡಿಯಿತು. ಅಲ್ಲಿಯವರೆಗೆ ನಾನು ಬೆನ್ನು ಹಾಕಿಕೊಂಡು ನಿಂತಿರಬೇಕಾಯಿತು. ಸೀರೆಯ ಸೆರಗು ಬೇರೆ ಜಾರುತ್ತಿತ್ತು. ಲಿಫ್ಟಿನಲ್ಲಿ ಅತ್ತೆ. ಕೆಳಗೆ ಬರುವಷ್ಟರಲ್ಲಿ ಮುಗಿಸಿದೆ.

ಪ್ಯಾರಮಟ್ಟಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಟ್ರೈನಿಗೆ ಕಾಯುತ್ತಿದ್ದೆ. ಸಂಜೆಯಾಗುತ್ತಿತ್ತು, ಆಫೀಸು ಬಿಟ್ಟ ಜನ ತುಂಬಿದ್ದರು. ಹಿಂದಿನಿಂದ ಯಾರೋ ಕನ್ನಡದಲ್ಲಿ ನನ್ನ ಹೆಸರು ಹಿಡಿದು ಕರೆದರು. ಸಂಯುಕ್ತಾ. ಏದುಸಿರು ಬಿಡುತ್ತಿದ್ದರು.

"ನಾವು ಕ್ಲೈಂಟ್ಸ್ ಹತ್ರ ಹೀಗೆ ಮಾತಾಡೋ ಹಾಗಿಲ್ಲ," ಎಂದರು. "ಆದ್ರೂ ಸಾರಿ ಹೇಳ್ಬೇಕು ಅನ್ನಿಸ್ತು. ನಿಮಗೆ ಅಷ್ಟು ಜನದ ಮುಂದೆ ಅವಮಾನ ಆಗ್ಬಾರ್ದು ಅಂತ ಸ್ವಲ್ಪ ಪಾಲಿಶ್ ಮಾಡಿ ಹೇಳ್ದೆ. ಬೇರೆ ಏನೂ ಇಲ್ಲ."

"ನನಗ ಅವಮಾನ ಆಗಿರಲಿಲ್ರಿ. ನಾ ಆರಾಮ ಹೇಳಿದ್ನಿ. ಆ ಶಬ್ದ ನಿಮ್ಮ ಬಾಯಾಗ ಹೊರಳಲಿಲ್ಲ."

ಅವರು ಸ್ಕಾರ್ಫ್ ಸರಿಮಾಡಿಕೊಂಡರು. ಒಪ್ಪಿಕೊಂಡಂತೆ ತಲೆ ಆಡಿಸಿದರು. ತಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಆ ಶಬ್ದವನ್ನು ಬೈಗುಳ ಎಂದೇ ಕೇಳಿ ಬೆಳೆದದ್ದು, ಅದಕ್ಕೆ ನಾಲಗೆ ಹಿಡಿಯಿತು ಎಂದರು. ಕೆಟ್ಟವರಲ್ಲ. ಕಣ್ಣು ಒದ್ದೆಯಾಗಿತ್ತು. ಬೇರೆ ದಿನವಾಗಿದ್ದರೆ ನಾನೇ ಅವರನ್ನು ಸಮಾಧಾನ ಮಾಡಿ, ಬೆನ್ನು ಸವರಿ, ಕಾಫಿ ಕೊಡಿಸಿ ಕಳಿಸುತ್ತಿದ್ದೆ.

"ಈಗ ಹೇಳ್ರಿ," ಎಂದೆ.

"ಏನು?"

"ಆ ಶಬ್ದ. ಇಲ್ಲಿ ಬೈಗುಳ ಅಲ್ಲ. ನನ್ನ ಜಾತಿ ಏನು ಅಂತ ಯಾರಾದ್ರೂ ಕೇಳಿದ್ರ ಹೆಂಗ ಹೇಳ್ತೀರಿ, ಹಂಗ ಹೇಳ್ರಿ."

ಅವರು ಅತ್ತಿತ್ತ ನೋಡಿದರು. ಟ್ರೈನ್ ಬಂತು. ಬಾಗಿಲು ತೆರೆಯಿತು. ನಾನು ಹತ್ತಲಿಲ್ಲ. ಬಾಗಿಲು ಮುಚ್ಚಿಕೊಂಡು ಟ್ರೈನ್ ಹೋಯಿತು. ಮುಂದಿನದೂ ಬರುತ್ತದೆ ಎಂದು ಬೋರ್ಡಿನಲ್ಲಿ ತೋರಿಸುತ್ತಿತ್ತು.

ಸಂಯುಕ್ತಾ ತುಟಿ ಒದ್ದೆ ಮಾಡಿಕೊಂಡರು. ಏನೋ ಗೊಣಗಿದರು.

"ಕೇಳಸಲಿಲ್ರಿ."

ಅವರು ನನ್ನ ಮುಖ ನೋಡಿದರು. ಉಸಿರು ಎಳೆದುಕೊಂಡರು.

"ಮಾದಿಗರು," ಎಂದರು. "ನೀವು ಮಾದಿಗರು."

ದನಿ ಅವರು ಅಂದುಕೊಂಡಿದ್ದಕ್ಕಿಂತ ಜೋರಾಗಿಯೇ ಬಂದಿತ್ತು. ಪ್ಲಾಟ್‌ಫಾರ್ಮಿನಲ್ಲಿ ಯಾರೂ ತಿರುಗಿ ನೋಡಲಿಲ್ಲ.

"ಹೂಂ," ಎಂದೆ. "ಹಂಗ."